ಹಿನ್ನೆಲೆಗೆ ಸರಿದ ಮಾತ್ರಕ್ಕೆ ಹೊರೆ ತಗ್ಗದು

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕಟ್ಟತೊಡಗಿದ ಯುನಿಕ್ಸ್, ಒಂದೇ ದುಬಾರಿ ಯಂತ್ರವನ್ನು ಹಲವರು ಹಂಚಿಕೊಂಡು ಬಳಸಬೇಕಾಗಿದ್ದ ಕಾಲದ ಕಾರ್ಯಾಚರಣ ವ್ಯವಸ್ಥೆಯಾದ್ದರಿಂದ, ಪ್ರೊಸೆಸರ್‌ನ ಸಮಯ ಯಾರಿಗೆ ಎಷ್ಟು ಸಲ್ಲಬೇಕೆಂಬ ಪ್ರಶ್ನೆಯನ್ನು ಅದು ಆರಂಭದಲ್ಲೇ ಎದುರಿಸಬೇಕಾಯಿತು. ಅದಕ್ಕೆ ಕಂಡುಕೊಂಡ ಉತ್ತರಗಳು ಇಂದಿನ ಲಿನಕ್ಸ್‌ನ ಕಮಾಂಡ್ ಲೈನ್‌ನಲ್ಲಿಯೂ ಬಳಕೆಯಲ್ಲಿವೆ.

ಚಾಲನೆಯಲ್ಲಿರುವ ಪ್ರೋಗ್ರಾಮನ್ನು ಪ್ರಕ್ರಿಯೆ ಎನ್ನುತ್ತಾರೆ. ಪ್ರಕ್ರಿಯೆಗಳಿಗೆ ಸಮಯ ಹಂಚುವ, ಕರ್ನೆಲ್‌ನ ಭಾಗವೇ ಶೆಡ್ಯೂಲರ್. ಪ್ರತಿ ಪ್ರಕ್ರಿಯೆಗೂ −20ರಿಂದ 19ರವರೆಗಿನ ಒಂದು ನೈಸ್ ಮೌಲ್ಯವಿದ್ದು, ಸಂಖ್ಯೆ ಹೆಚ್ಚಿದಷ್ಟೂ ಆದ್ಯತೆ ಇಳಿಯುತ್ತದೆ. ಸಾಮಾನ್ಯ ಮೌಲ್ಯ 0. ‘ನೈಸ್’ ಆದೇಶವನ್ನು ಸಂಖ್ಯೆ ಸೂಚಿಸದೆ ಬಳಸಿದರೆ ಅದು 10ಕ್ಕೆ ಏರುತ್ತದೆ. ಒಂದೇ ಟರ್ಮಿನಲ್‌ನಿಂದ ಹೊರಟು ಒಂದೇ ಕೋರ್‌ಗಾಗಿ ಪೈಪೋಟಿ ನಡೆಸುವ ಎರಡು ಪ್ರಕ್ರಿಯೆಗಳ ಮೌಲ್ಯ 0 ಮತ್ತು 10 ಆಗಿದ್ದರೆ, ಲಿನಕ್ಸ್ ಮೊದಲನೆಯದಕ್ಕೆ ಸುಮಾರು ಶೇ 90, ಎರಡನೆಯದಕ್ಕೆ ಸುಮಾರು ಶೇ 10ರಷ್ಟು ಸಮಯ ನೀಡುತ್ತದೆ. ಆದರೆ ಪೈಪೋಟಿಯೇ ಇಲ್ಲದಿದ್ದಾಗ 19ರ ಮೌಲ್ಯದ ಪ್ರಕ್ರಿಯೆಯೂ ಪೂರ್ಣ ವೇಗದಲ್ಲಿ ಓಡುತ್ತದೆ. ಓಡುತ್ತಿರುವ ಪ್ರಕ್ರಿಯೆಯ ಮೌಲ್ಯವನ್ನು ‘ರೀನೈಸ್’ ಬದಲಿಸುತ್ತದೆ; ತನ್ನ ಆದ್ಯತೆಯನ್ನು ಯಾವ ಬಳಕೆದಾರನೂ ಇಳಿಸಿಕೊಳ್ಳಬಹುದಾದರೂ, ಅದನ್ನು ಏರಿಸುವ ಅಧಿಕಾರ ಸಾಮಾನ್ಯವಾಗಿ ರೂಟ್ ಖಾತೆಗೆ ಮಾತ್ರ ಇರುತ್ತದೆ.

ಹಿನ್ನೆಲೆ ಚಾಲನೆ ಇದಕ್ಕಿಂತ ಬೇರೆಯದು. ಆದೇಶದ ಕೊನೆಗೆ & ಚಿಹ್ನೆ ಸೇರಿಸಿದರೆ, ಆದೇಶಗಳನ್ನು ಓದಿ ನಡೆಸುವ ಶೆಲ್ ಆ ಕೆಲಸ ಮುಗಿಯುವವರೆಗೆ ಕಾಯದೆ ಮುಂದಿನ ಆದೇಶಕ್ಕೆ ಸಿದ್ಧವಾಗುತ್ತದೆ. ಮುನ್ನೆಲೆಯಲ್ಲಿರುವ ಕೆಲಸವನ್ನು ಕಂಟ್ರೋಲ್-ಝಡ್ ಕೀಲಿಗಳಿಂದ ತಡೆದು, ‘ಬಿಜಿ’ ಆದೇಶದಿಂದ ಹಿನ್ನೆಲೆಯಲ್ಲಿ ಮುಂದುವರಿಸಬಹುದು. ‘ಜಾಬ್ಸ್’ ಅಂಥ ಕೆಲಸಗಳ ಪಟ್ಟಿ ಕೊಟ್ಟರೆ, ‘ಎಫ್‌ಜಿ’ ಅವನ್ನು ಮುನ್ನೆಲೆಗೆ ಮರಳಿಸುತ್ತದೆ. ಆದರೆ ಬ್ಯಾಶ್ ಶೆಲ್‌ನಲ್ಲಿ & ಚಿಹ್ನೆ ಆದ್ಯತೆಯನ್ನು ಬದಲಿಸದ ಕಾರಣ, ಹಿನ್ನೆಲೆಗೆ ಸರಿದ ಭಾರಿ ಲೆಕ್ಕಾಚಾರವೂ ಪ್ರೊಸೆಸರ್‌ನಲ್ಲಿ ಸಮಪಾಲು ಕೇಳುತ್ತಲೇ ಇರುತ್ತದೆ.

ಟರ್ಮಿನಲ್‌ನ ಸಂಪರ್ಕ ಕಡಿದಾಗ ಪ್ರಕ್ರಿಯೆಗಳಿಗೆ ಹ್ಯಾಂಗಪ್ ಎಂಬ ಸಂಕೇತ ತಲುಪುತ್ತದೆ. ಬೇರೆ ಏರ್ಪಾಡಿಲ್ಲದಿದ್ದರೆ ಅವು ಅಲ್ಲಿಗೇ ಕೊನೆಗೊಳ್ಳುತ್ತವೆ. ‘ನೋಹಪ್’ ಆದೇಶವು ಆ ಸಂಕೇತವನ್ನು ಕಡೆಗಣಿಸುವಂತೆ ಮಾಡಿ, ತೆರೆಗೆ ಬರಬೇಕಾದ ಫಲಿತವನ್ನು ಕಡತವೊಂದಕ್ಕೆ ತಿರುಗಿಸುತ್ತದೆ.

ಹೀಗೆ ನೈಸ್ ಸಮಯದ ಪಾಲನ್ನೂ, & ಚಿಹ್ನೆ ಟರ್ಮಿನಲ್‌ನ ಬಿಡುವನ್ನೂ, ನೋಹಪ್ ಕೆಲಸದ ಉಳಿವನ್ನೂ ನಿರ್ಧರಿಸುವುದರಿಂದ, ಹಲವರು ಬಳಸುವ ಸರ್ವರ್‌ನಲ್ಲಿ ದೀರ್ಘ ಕೆಲಸ ಹೂಡುವವರು ಈ ಮೂರನ್ನೂ ಒಟ್ಟಿಗೆ ಬಳಸುವುದೇ ಸರಿಯಾದ ಕ್ರಮ.