ಮೋಟಾರಿನ ನಡುಕವನ್ನು ಗಮನಿಸಿರಿ

ಹಿಂದೂಪುರದ ರೇಷ್ಮೆ ರೈತನ ಪಂಪಿರಲಿ, ಕಲ್ಯಾಣದುರ್ಗದ ಕಡಲೆಕಾಯಿ ಸುಲಿಯುವ ಯಂತ್ರವಿರಲಿ, ಬೇರಿಂಗು ಸವೆದು ಕೆಡುವ ಮೋಟಾರು ಮೊದಲು ನಡುಗುತ್ತದೆ. ಕಳೆದ ಬೇಸಿಗೆಯಲ್ಲಿ ನನ್ನ ತೊಟ್ಟಿಯ ಪಂಪು ನಡುಗಿದಾಗ ‘ಹಳೆಯದು, ಇರಲಿ’ ಎಂದು ಸುಮ್ಮನಿದ್ದೆ. ಬೇರಿಂಗು ಹಿಡಿದುಕೊಂಡು ಮೋಟಾರು ಸುಟ್ಟಿತು. ಹುಳು ನಾಲ್ಕನೆಯ ಜ್ವರದಿಂದ ಎದ್ದ ಹೊತ್ತು. ನೀರಿಲ್ಲದೆ ತೋಟ ಬಾಡಿ, ಸೊಪ್ಪನ್ನು ಕೊಂಡು ತರಬೇಕಾಯಿತು.

ಕಾರ್ಖಾನೆಗಳಲ್ಲಿ ಈಗ ಇದಕ್ಕೊಂದು ಉಪಾಯವಿದೆ. ಯಂತ್ರಕ್ಕೆ ತಿರುಪಿನಿಂದ ಬಿಗಿಯುವ ಸಣ್ಣ ಪೀಠದೊಳಗೇ ನಡುಕ ಅಳೆಯುವ ಎಲೆಕ್ಟ್ರಾನಿಕ್ ಚಿಪ್ ಇರುತ್ತದೆ. ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರು ಸೆಕೆಂಡಿಗೆ 24 ಸಲ ನಡುಗಿದರೆ, ತಿರುಗುವ ಭಾಗದ ತೂಕ ಸಮವಿಲ್ಲವೆಂದೂ, 48 ಸಲವಾದರೆ ಮೋಟಾರು-ಪಂಪುಗಳ ದಂಡಗಳು ನೇರವಾಗಿ ಕೂಡಿಲ್ಲವೆಂದೂ ಸಾಮಾನ್ಯವಾಗಿ ಊಹಿಸಬಹುದು. 15 ಕಿಲೋವಾಟ್ ಒಳಗಿನ ಯಂತ್ರಗಳಿಗೆ 1995ರ ಅಂತರರಾಷ್ಟ್ರೀಯ ಮಾನಕವು ಹಾಕಿದ್ದ ಗೆರೆ ಹೀಗಿತ್ತು: ನಡುಕದ ವೇಗ ಸೆಕೆಂಡಿಗೆ 1.8 ಮಿಲಿಮೀಟರ್ ತನಕ ಚಿಂತೆಯಿಲ್ಲ, 4.5 ದಾಟಿದರೆ ಅಪಾಯ.

ಆದರೆ ಪೀಠವೇ ಸಡಿಲವಾದರೆ ಅಳತೆಯೂ ಸುಳ್ಳು. ಬಣ್ಣ, ತುಕ್ಕು ಕೆರೆದು, ಸಮತಟ್ಟಾದ ಜಾಗಕ್ಕೆ ಬಿಗಿಯಬೇಕು.

ಇಂಥ ಸಾಧನ ನಮ್ಮಲ್ಲಿಲ್ಲದಿದ್ದರೂ ಸ್ಪ್ಯಾನರ್ ಇದೆಯಲ್ಲ! ತಿಂಗಳಿಗೊಮ್ಮೆ ಕರೆಂಟು ತೆಗೆದು, ಬುಡದ ಬೋಲ್ಟುಗಳನ್ನು ಬಿಗಿಯಿರಿ. ದಂಡಗಳು ನೇರವಿವೆಯೇ ನೋಡಿರಿ. ಆಮೇಲೂ ನಡುಕ ನಿಲ್ಲದಿದ್ದರೆ ಬೇರಿಂಗು ತೋರಿಸಿರಿ. ಕೊಳವೆ ಬಾವಿಯೊಳಗೆ ಮುಳುಗಿದ ಪಂಪಿನ ಬುಡ ಕೈಗೆಟುಕದು. ಮೇಲಿರುವುದನ್ನಾದರೂ ರೈತ ಬಾಂಧವರು ಉಳಿಸಿಕೊಳ್ಳಬೇಕು. ಬೇರಿಂಗಿನ ಖರ್ಚು ಸಣ್ಣದು, ಸುಟ್ಟ ಮೋಟಾರಿನದು ದೊಡ್ಡದು.