ನಮ್ಮ ಹೊಳೆ ಸಪ್ಪೆಯಾದ ಕಥೆ

ಕಾಲೇಜಿನಲ್ಲಿ ಯಾರಾದರೂ ‘ಯಾವೂರು?’ ಎಂದರೆ ‘ಹೊನ್ನಾವರ’ ಎನ್ನುತ್ತೇನೆ. ಗೊತ್ತಾಗದಿದ್ದರೆ ‘ಜೋಗದಿಂದ ಬೀಳೋ ನೀರು ಸಮುದ್ರ ಸೇರುತ್ತಲ್ಲ, ಅಲ್ಲಿ’ ಎಂದು ಸೇರಿಸುತ್ತೇನೆ. ‘ಓ, ಜೋಗಾನಾ!’ ಎಂದು ಮುಖ ಅರಳುತ್ತದೆ. 253 ಮೀಟರ್ ಧುಮುಕಿದ ಮೇಲೆ ಶರಾವತಿ ಏನಾಗುತ್ತಾಳೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನಿಜ ಹೇಳಬೇಕೆಂದರೆ ನಾನೂ ಯೋಚಿಸಿರಲಿಲ್ಲ.

ನನ್ನದು ಎಲೆಕ್ಟ್ರಿಕಲ್ ಬ್ರಾಂಚ್. ಜಲವಿದ್ಯುತ್ ಪಾಠ ಬಂದಾಗ ಬೋರ್ಡಿನ ಮೇಲೆ ನಮ್ಮ ಹೊಳೆಯೇ ಹರಿಯಿತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು, 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ, ಅದರ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೂ 240 ಮೆಗಾವಾಟ್. ಆವತ್ತು ಕ್ಲಾಸಿನಲ್ಲಿ ಕಾಲರ್ ಎತ್ತಿಕೊಂಡೇ ಕೂತಿದ್ದೆ.

ರಜೆಗೆ ಊರಿಗೆ ಬಂದಾಗ ಕುಮಟಾದ ಚಿಕ್ಕಮ್ಮ ಅಘನಾಶಿನಿ ಹೊಳೆಯ ಬಳಚು ತಂದಿದ್ದರು. ಅಜ್ಜಿ ಚಿಪ್ಪು ಬಿಡಿಸುತ್ತಾ, ‘ಮೊದ್ಲು ನಮ್ಮ ಹೊಳೇಲೂ ಬೇಕಾದಷ್ಟು ಸಿಕ್ತಿತ್ತೋ ತಮಾ. ಡ್ಯಾಮ್ ಆದ್ಮೇಲೆ ನೀರು ಸಪ್ಪೆ ಆಯ್ತು, ಬಳಚೂ ಹೋಯ್ತು’ ಎಂದರು. ನಾನು ನಕ್ಕೆ. ಘಟ್ಟದ ಮೇಲಿನ ಡ್ಯಾಮಿಗೂ ಸಮುದ್ರದ ಬಾಯಲ್ಲಿರುವ ಚಿಪ್ಪಿಗೂ ಎಲ್ಲಿಯ ಸಂಬಂಧ?

ರಾತ್ರಿ ಮಲಗಿದಾಗ ಲೆಕ್ಕ ಹೊಳೆಯಿತು. ಅಣೆಕಟ್ಟು ಇಲ್ಲದ ಹೊಳೆ ಮಳೆಗಾಲ ಮುಗಿದಂತೆ ಬಡವಾಗುತ್ತದೆ. ಆಗ ಭರತದ ಜೊತೆ ಉಪ್ಪುನೀರು ಒಳಗೆ ಬರುತ್ತದೆ. ಬಳಚಿಗೆ, ಕಾಂಡ್ಲಾ ಗಿಡಗಳಿಗೆ ಬೇಕಾದದ್ದು ಅದೇ. ಆದರೆ ಟರ್ಬೈನ್ ಬೇಸಿಗೆಯಲ್ಲೂ ತಿರುಗಬೇಕು. ತಿರುಗಿಸಿದ ಸಿಹಿನೀರು ಹನ್ನೆರಡು ತಿಂಗಳೂ ನಮ್ಮ ಹೊಳೆಗೆ ಇಳಿಯುತ್ತದೆ, ಉಪ್ಪನ್ನು ಹೊರಗೆ ತಳ್ಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಹೊಳೆಗಳನ್ನು ಅಳೆದು ಹೇಳಿದ್ದೂ ಇದನ್ನೇ. ಅಜ್ಜಿ ಅಳತೆಯಿಲ್ಲದೇ ಹೇಳಿದ್ದರು, ಅಷ್ಟೇ ವ್ಯತ್ಯಾಸ. ಅತ್ತ ಅಣೆಕಟ್ಟಿಲ್ಲದ ಅಘನಾಶಿನಿಯ ದಡದ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಈಗಲೂ ಇದೆ. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು.

ಮರುದಿನ, ಆ ಸಿಹಿನೀರು ಎಲ್ಲಿಂದ ಇಳಿಯುತ್ತದೆ ನೋಡೋಣವೆಂದು ಬೈಕ್ ಹತ್ತಿ ಗೇರುಸೊಪ್ಪೆಗೆ ಹೋದೆ. ಡ್ಯಾಮ್ ನೋಡಲು ಹೋದವನು ನಗರಬಸ್ತಿಕೇರಿಯ ಚತುರ್ಮುಖ ಬಸದಿಯ ಎದುರು ನಿಂತುಬಿಟ್ಟೆ. ನಾಲ್ಕು ದಿಕ್ಕಿಗೂ ಬಾಗಿಲು, ಸುತ್ತ ಕಾಡು. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ರಾಜಧಾನಿ ಇದು. ಇಲ್ಲಿನ ಮೆಣಸು ದೋಣಿಯಲ್ಲಿ ಕೆಳಗಿಳಿದು ಕಡಲು ಸೇರುತ್ತಿತ್ತು. ಭಟ್ಕಳ ಬಂದರೂ ಆಗ ಹೆಸರಾಗಿತ್ತು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ಇದೇ ಹೊಳೆಯಲ್ಲಿ ದೋಣಿಯೇರಿ ಬಂದ. ಹೊಳೆಯ ಚೆಲುವನ್ನು ಹೊಗಳಿದ. ಅಷ್ಟರಲ್ಲಿ ಊರು ಹಾಳಾಗಿ ಕಾಡು ಬೆಳೆದಿತ್ತು. ಅಷ್ಟು ದೂರದಿಂದ ಅವನು ಬಂದಿದ್ದ. ಮನೆಯಿಂದ ಒಂದು ತಾಸು ದೂರದ ಈ ಜಾಗಕ್ಕೆ ನಾನು ಬಂದದ್ದು ಇಪ್ಪತ್ತನೇ ವಯಸ್ಸಿಗೆ. ವಂಡರ್‌ಲಾಕ್ಕೆ ಮಾತ್ರ ಮೂರು ಸಲ ಹೋಗಿ ಬಂದಿದ್ದೇನೆ!

ಈಗ ಗೇರುಸೊಪ್ಪೆಯ ನೀರನ್ನೇ ಮೇಲಿನ ತಲಕಳಲೆಗೆ ಪಂಪ್ ಮಾಡಿ, ಬೇಕಾದಾಗ ಕೆಳಗೆ ಬಿಟ್ಟು 2000 ಮೆಗಾವಾಟ್ ತೆಗೆಯುವ ಯೋಜನೆಯ ಮಾತು ಕಣಿವೆಯ ತುಂಬಾ ಇದೆ. ನಡುವೆ ಇರುವುದು ಸಿಂಗಳೀಕಗಳ ಕಾಡು. ಸೋಲಾರ್ ಕರೆಂಟನ್ನು ಸಂಜೆಗೆ ಉಳಿಸಲು ಇಂಥದ್ದು ಬೇಕು ಎಂದು ನಾನೇ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೇನೆ. ಕರೆಂಟೇ ಬೇಡ ಎನ್ನುವಷ್ಟು ದೊಡ್ಡವನೂ ಅಲ್ಲ, ಫೋನ್ ಚಾರ್ಜ್ ಆಗದಿದ್ದರೆ ಮೊದಲು ಕೂಗಾಡುವವನು ನಾನೇ. ಆದರೆ ನಾವು ಮಾಡಿದ ಯಾವ ಲೆಕ್ಕದಲ್ಲೂ ಉಪ್ಪಿಗೊಂದು ಕಾಲಂ ಇರಲಿಲ್ಲ.

ರಾತ್ರಿ ಊಟಕ್ಕೆ ಉಳಿದ ಬಳಚಿನ ಸುಕ್ಕಾ. ಅಜ್ಜಿ ಬಡಿಸುತ್ತಾ ಕೇಳಿದರು: ‘ಓದು ಮುಗಿದ್ಮೇಲೆ ನಿಂಗೂ ಆ ಡ್ಯಾಮಲ್ಲೇ ಕೆಲ್ಸ ಸಿಗ್ತದೇನೋ ತಮಾ?’

‘ನೋಡ್ಬೇಕು ಅಜ್ಜಿ’ ಎಂದೆ.