ಕೇಸ್ ಮುಗೀತು, ರೆಕಾರ್ಡ್ ಅಳಿಸುತ್ತಾ?

ಇಂಟರ್ನ್‌ಶಿಪ್ ಫಾರ್ಮ್ ತುಂಬುವಾಗ ಸಿರುಗುಪ್ಪದ ಗೆಳೆಯನೊಬ್ಬ ಒಂದು ಪ್ರಶ್ನೆ ಹತ್ರ ನಿಂತುಬಿಟ್ಟ: ‘ನಿಮ್ಮ ಮೇಲೆ ಕ್ರಿಮಿನಲ್ ಕೇಸ್ ಇತ್ತೇ?’ ಹದಿನೇಳನೇ ವಯಸ್ಸಲ್ಲಿ ಊರ ಜಗಳವೊಂದರಲ್ಲಿ ಅವನ ಹೆಸರೂ ಸೇರಿತ್ತು. ಕೇಸ್ ಹೋದ ವರ್ಷವೇ ಮುಗಿದಿದೆ. “ಫೀ ಕಟ್ಟಿದ್ರ ಅಳಸ್ತಾರೇನಲೇ?” ಅಂದ. ನಮಗ್ಯಾರಿಗೂ ಗೊತ್ತಿರಲಿಲ್ಲ. ಕೂತು ಓದಿದೆವು.

ನೆಟ್‌ನಲ್ಲಿ ಮೊದಲು ಸಿಗೋದು ಅಮೆರಿಕದ ಉತ್ತರ. ಅಲ್ಲಿನ ಹಲವು ರಾಜ್ಯಗಳಲ್ಲಿ ಅರ್ಜಿ ಹಾಕಿ, ಕೋರ್ಟ್ ಫೀ ಕಟ್ಟಿ ಹಳೇ ರೆಕಾರ್ಡ್ ಅಳಿಸಬಹುದು. ನಮ್ಮಲ್ಲಿ ದೊಡ್ಡವರಿಗೆ ಅಂಥ ಕಾನೂನು ಇಲ್ಲ. “ದುಡ್ಡು ಕೊಡು, ತೆಗೆಸ್ತೀನಿ” ಅನ್ನೋರನ್ನ ನಂಬಬೇಡಿ.

ಆದರೆ 18 ತುಂಬುವ ಮೊದಲು ನಡೆದದ್ದಕ್ಕೆ ದಾರಿ ಇದೆ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ತಪ್ಪು ಸಾಬೀತಾಗಿದ್ರೂ ಅದರಿಂದ ಮುಂದೆ ಅನರ್ಹತೆ ಬರೋದಿಲ್ಲ. ಅಪೀಲ್ ಅವಧಿ ಮುಗಿದ ಮೇಲೆ ದಾಖಲೆ ನಾಶ ಮಾಡಲು ಬಾಲ ನ್ಯಾಯ ಮಂಡಳಿಯೇ ಪೊಲೀಸರಿಗೆ ಆದೇಶಿಸಬೇಕು. 16 ದಾಟಿದವರನ್ನು ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆ ಮಾಡಿದ್ದರೆ ಮಾತ್ರ ಈ ರಕ್ಷಣೆ ಸಿಗದು.

ಇನ್ನು ಫೀ ವಿಷಯ. ಕರ್ನಾಟಕದಲ್ಲಿ ಇದಕ್ಕೆ 1958ರ ಕಾಯ್ದೆ ಇದೆ. ಕುರುಗೋಡಿನ ರೈತರೊಬ್ಬರು ಕೈಸಾಲ ವಸೂಲಿಗೆ ದಾವೆ ಹಾಕಿದ್ರೆ ಸಾಲದ ಮೊತ್ತ ನೋಡಿ ಫೀ ಕಟ್ಟಬೇಕು. ಆ ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾದ್ರೆ ಫೀ ವಾಪಸ್. ಕ್ರಿಮಿನಲ್ ಕೇಸಿನ ಆರೋಪಿಗೆ ಇಂಥ ಫೀ ಇಲ್ಲ. ಖರ್ಚು ಆಗೋದು ವಕೀಲರಿಗೆ. ಅದಕ್ಕೂ 1987ರ ಕಾನೂನು ಸೇವಾ ಕಾಯ್ದೆ ಇದೆ: ಹೆಣ್ಮಕ್ಕಳಿಗೆ, ಮಕ್ಕಳಿಗೆ, ಎಸ್‌ಸಿ-ಎಸ್‌ಟಿಯವರಿಗೆ ಆದಾಯ ಎಷ್ಟಿದ್ರೂ ವಕೀಲರು ಉಚಿತ, ಉಳಿದವರಲ್ಲಿ ಹಲವರಿಗೆ ಆದಾಯ ಮಿತಿ ಉಂಟು. ಸಹಾಯವಾಣಿ 15100.

ಹಾಗಂತ ಫಾರ್ಮ್‌ನಲ್ಲಿ ಸುಳ್ಳು ಬರೀಬೇಡಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕೇಳಿದ ಮಾಹಿತಿ ನಿಜವಾಗಿರಬೇಕು, ಮುಚ್ಚಿಟ್ಟದ್ದು ಚಿಕ್ಕ ವಯಸ್ಸಿನ ಸಣ್ಣ ತಪ್ಪಾಗಿದ್ರೆ ಕೆಲಸ ಕೊಡುವವರು ಅದನ್ನು ಕ್ಷಮಿಸಬಹುದು. ‘ಕೇಸ್ ಇತ್ತೇ’, ‘ಶಿಕ್ಷೆ ಆಗಿದೆಯೇ’ ಎರಡೂ ಬೇರೆ ಪ್ರಶ್ನೆ. ಸರಿಯಾಗಿ ಓದಿ, ವಕೀಲರನ್ನ ಕೇಳಿ, ಆಮೇಲೆ ಬರೀರಿ.

ಗೆಳೆಯ ಫಾರ್ಮ್ ಇನ್ನೂ ಕಳಿಸಿಲ್ಲ. ಸೋಮವಾರ ಮಂಡಳಿಯ ಆದೇಶದ ಪ್ರತಿ ಹಿಡ್ಕೊಂಡು ಬಳ್ಳಾರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೊರಟಿದ್ದಾನೆ. ನಾವೂ ಜೊತೆಗೆ ಹೋಗ್ತೀವಿ.